ಹಸಿರು ನಂಬರ್ ಪ್ಲೇಟ್ ಹಾಕ್ಕೊಂಡು ಎರಡು ವರ್ಷ: ಗಾಡಿ ರಿವ್ಯೂ ಅಲ್ಲ, ಬರೀ ಪ್ಲೇಟ್ ರಿವ್ಯೂ

ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿ ರಿವ್ಯೂ ಬೇಕಾದಷ್ಟು ಜನ ಮಾಡಿದಾರೆ. ರೇಂಜ್ ಎಷ್ಟು, ಏಸಿ ಹಾಕಿದ್ರೆ ಎಷ್ಟು ಕಮ್ಮಿ ಆಗತ್ತೆ, ಚಾಮುಂಡಿ ಬೆಟ್ಟ ಹತ್ತೋವಾಗ ಎಷ್ಟು ಪರ್ಸೆಂಟ್ ಹೋಗತ್ತೆ, ಇಳಿಯೋವಾಗ ಎಷ್ಟು ವಾಪಸ್ ಬರತ್ತೆ, ಎಲ್ಲಾ ಸಿಗತ್ತೆ. ಆದ್ರೆ ಗಾಡಿ ಮುಂದೊಂದು ಹಿಂದೊಂದು ಅಂಟ್ಕೊಂಡಿರೋ ಆ ಹಸಿರು ತಗಡಿದ್ಯಲ್ಲ, ಅದರ ಬಗ್ಗೆ ಯಾರೂ ತಲೆ ಕೆಡಿಸ್ಕೊಂಡಿಲ್ಲ. ನಮ್ಮನೇಲಿ ಎರಡು ಹಸಿರು ಪ್ಲೇಟ್ ಗಾಡಿ ಇದೆ, ನಂದು ಟಿಯಾಗೊ ಇವಿ, ಹೆಂಡ್ತೀದು ಏಥರ್ ಸ್ಕೂಟರ್. ಮೈಸೂರಲ್ಲಿ ವಾಸ, ತಿಂಗಳಿಗೆ ಎರಡ್ಮೂರು ಸಲ ಬೆಂಗಳೂರು ಓಡಾಟ. ಈ ಎರಡು ವರ್ಷದಲ್ಲಿ ಗಾಡಿಗಿಂತ ಜಾಸ್ತಿ ಜನ ನನ್ನ ಹತ್ರ ಪ್ಲೇಟ್ ಬಗ್ಗೇನೇ ಕೇಳಿದಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಡೆಲಿವರಿ ಕಥೆ. ಗಾಡಿ ಕೊಟ್ಟ ದಿನ ಹಸಿರು ಪ್ಲೇಟ್ ಬಂದಿರ್ಲಿಲ್ಲ. ಶೋರೂಮ್ ಹೆಸರು ಬೇಡ ಬಿಡಿ, "ಸಾರ್ ಒಂದು ವಾರ" ಅಂದ್ರು, ಆಗಿದ್ದು ಇಪ್ಪತ್ಮೂರು ದಿನ. ಅಲ್ಲೀವರ್ಗೂ ಟೆಂಪರರಿ ನಂಬರಲ್ಲೇ ಓಡಾಟ, ಅಂದ್ರೆ ಹಳದಿ ಮೇಲೆ ಕೆಂಪು ಅಕ್ಷರ. ಟೆಂಪರರಿಗೆ ಇದೇ ಬಣ್ಣ ಅಂತ ರೂಲ್ ಇದೆ, ಡೀಲರುಗಳು ಟ್ರೇಡ್ ಸರ್ಟಿಫಿಕೇಟಲ್ಲಿ ಓಡಿಸೋ, ಇನ್ನೂ ಮಾರದ ಗಾಡಿಗೆ ಕೆಂಪು ಮೇಲೆ ಬಿಳಿ. ಇದೆಲ್ಲಾ ನಮ್ಮಮ್ಮಂಗೆ ಹೆಂಗೆ ಗೊತ್ತಿರ್ಬೇಕು, ಪೂಜೆ ಮಾಡೋಕೆ ಅಂತ ಅರಿಶಿನ ಕುಂಕುಮ ತಟ್ಟೆ ಹಿಡ್ಕೊಂಡು ಬಂದವ್ರು ಪ್ಲೇಟ್ ನೋಡಿ ಹಂಗೇ ನಿಂತ್ರು. "ಇದೇನೋ ಟ್ಯಾಕ್ಸಿ ತಗೊಂಡ್ಬಂದಿದೀಯಾ, ಕೆಲ್ಸ ಬಿಟ್ಯಾ?" ಅಂದ್ರು. ಇಲ್ಲಮ್ಮ ಇದು ಟೆಂಪರರಿ, ಆಮೇಲೆ ಹಸಿರುದು ಬರತ್ತೆ ಅಂದ್ರೆ "ಹಸಿರಾ? ಹಸಿರು ನಂಬರ್ ಎಲ್ಲಾದ್ರೂ ಉಂಟಾ" ಅಂತ ಇನ್ನೂ ಗಾಬರಿ. ನಿಂಬೆಹಣ್ಣು ಚಕ್ರದ ಕೆಳಗಿಡೋವರ್ಗೂ ಅವ್ರ ಮುಖದಲ್ಲಿ ಅನುಮಾನ ಹೋಗ್ಲಿಲ್ಲ.

ಪ್ಲೇಟ್ ಬಂತು, ಕೂರಿಸಿದ್ರು. ನೋಡೋಕೆ ಚೆನ್ನಾಗಿದೆ ಅಂತ ಹೇಳ್ಲೇಬೇಕು, ಬಿಳಿ ಗಾಡಿಗೆ ಹಸಿರು ಪ್ಲೇಟ್ ಒಪ್ಪತ್ತೆ, ಕೆಂಪು ಗಾಡಿಗೆ ಮಾತ್ರ ಕ್ರಿಸ್ಮಸ್ ಥರ ಕಾಣತ್ತೆ (ನನ್ನ ಭಾಮೈದಂದು ಕೆಂಪು, ಅವನಿಗೆ ಹೇಳಿದ್ರೆ ಕೋಪ). ಕಾರಿಂದು 500 ಮಿಲಿಮೀಟರ್ ಉದ್ದ 120 ಅಗಲ, ಅಕ್ಷರ 65 ಮಿಲಿಮೀಟರ್ ಎತ್ತರ, ಅದು ಪೆಟ್ರೋಲ್ ಗಾಡಿಗೂ ಅಷ್ಟೇ. 2019ರ ಏಪ್ರಿಲ್ ಮೇಲಿನ ಹೊಸ ಗಾಡಿಗಳಿಗೆಲ್ಲಾ ಕಡ್ಡಾಯ ಆಗಿರೋ ಅದೇ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ಪ್ಲೇಟ್) ಇದು, ಅಂದ್ರೆ ಅಲ್ಯೂಮಿನಿಯಂ ತಗಡು, ಎಡಗಡೆ ಮೇಲೆ ಅಶೋಕ ಚಕ್ರದ ಹೊಳೆಯೋ ಹೊಲೊಗ್ರಾಮ್, ಕೆಳಗೆ ಲೇಸರಲ್ಲಿ ಕೊರೆದಿರೋ ನಂಬರ್, ಅಕ್ಷರದ ಮೇಲೆ ಓರೆಯಾಗಿ ಸಣ್ಣಕ್ಕೆ ಇಂಡಿಯಾ ಇಂಡಿಯಾ ಅಂತ ಬರೆದಿರೋ ಫಿಲ್ಮು, ಆಮೇಲೆ ಒಂದ್ಸಲ ಹಾಕಿದ್ರೆ ಒಡೆದೇ ತೆಗೀಬೇಕಾದ ಲಾಕು. ಬಣ್ಣ ಒಂದೇ ಬೇರೆ. ಕನ್ನಡದಲ್ಲಿ ನಂಬರ್ ಬರೆಸ್ಬೇಕು ಅನ್ನೋ ಆಸೆ ನಂಗೆ ಕಾಲೇಜಿಂದ ಇತ್ತು, ಹಳೇ ಸ್ಪ್ಲೆಂಡರಲ್ಲಿ ಬರೆಸಿ ಒಂದ್ಸಲ ದಂಡಾನೂ ಕಟ್ಟಿದೀನಿ, ರೂಲ್ ಪ್ರಕಾರ ಇಂಗ್ಲಿಷ್ ಅಕ್ಷರಾನೇ ಇರ್ಬೇಕು. ಈ ಲಾಕ್ ಬಂದ್ಮೇಲೆ ಆ ಆಸೆಗೂ ಎಳ್ಳುನೀರು.

ಈಗ ಬಣ್ಣದ ವಿಷ್ಯ, ಯಾಕಂದ್ರೆ ಇಲ್ಲೇ ಎಲ್ರೂ ಎಡವೋದು. ನಮ್ಮ ದೇಶದಲ್ಲಿ ಮೊದ್ಲಿಂದ್ಲೂ ಪ್ಲೇಟ್ ಬಣ್ಣ ಹೇಳ್ತಿದ್ದಿದ್ದು ಗಾಡಿ ಯಾವುದ್ರಲ್ಲಿ ಓಡತ್ತೆ ಅಂತ ಅಲ್ಲ, ಗಾಡಿ ಯಾರಿಗೋಸ್ಕರ ಓಡತ್ತೆ ಅಂತ. ಬಿಳಿ ಮೇಲೆ ಕಪ್ಪು ಅಂದ್ರೆ ಸ್ವಂತದ್ದು, ಹಳದಿ ಮೇಲೆ ಕಪ್ಪು ಅಂದ್ರೆ ಬಾಡಿಗೇದು, ಕಪ್ಪು ಮೇಲೆ ಹಳದಿ ಅಂದ್ರೆ ಬಾಡಿಗೇದೇ ಆದ್ರೆ ನಾವೇ ಓಡಿಸೋದು, ಆ ಸೆಲ್ಫ್ ಡ್ರೈವ್ ಗಾಡಿಗಳು. ನೀಲಿ ಎಂಬೆಸಿ ಕಾನ್ಸುಲೇಟ್‌ನವ್ರದ್ದು. ಇದರ ಮಧ್ಯಕ್ಕೆ 2018ರಲ್ಲಿ ಹಸಿರು ಬಂತು. ಮೇ ತಿಂಗಳಲ್ಲಿ ಕೇಂದ್ರ ಸಾರಿಗೆ ಸಚಿವ ಗಡ್ಕರಿ ಅವ್ರು ಅನೌನ್ಸ್ ಮಾಡಿದ್ರು, ಆಗಸ್ಟಲ್ಲಿ ನೋಟಿಫಿಕೇಶನ್ ಆಯ್ತು. ಆಗ ಮೊದಲ್ನೇ ಸಲ ಪ್ಲೇಟ್ ಬಣ್ಣ ಗಾಡಿ ಹೊಟ್ಟೇಲಿ ಏನಿದೆ ಅಂತ ಹೇಳೋಕೆ ಶುರು ಮಾಡ್ತು. ಆದ್ರೆ ಸ್ವಂತದ್ದಾ ಬಾಡಿಗೇದಾ ಅನ್ನೋ ಹಳೇ ಪ್ರಶ್ನೆ ಎಲ್ಲಿಗೆ ಹೋಗ್ಬೇಕು? ಅದನ್ನ ಅಕ್ಷರದ ಬಣ್ಣಕ್ಕೆ ತಳ್ಳಿದ್ರು. ಹಸಿರು ಮೇಲೆ ಬಿಳಿ ಅಕ್ಷರ ಸ್ವಂತದ್ದು, ಹಸಿರು ಮೇಲೆ ಹಳದಿ ಅಕ್ಷರ ಬಾಡಿಗೇದು. ಎಲೆಕ್ಟ್ರಿಕ್ ಆಟೋ ನೋಡಿ, ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ನೋಡಿ, ಮೈಸೂರು ಬೆಂಗಳೂರು ಮಧ್ಯೆ ಓಡೋ ಕೆಎಸ್ಆರ್‌ಟಿಸಿ ಇವಿ ಪವರ್ ಪ್ಲಸ್ ನೋಡಿ, ಎಲ್ಲಾ ಹಳದಿ ಅಕ್ಷರ.

ಇದಕ್ಕೂ ಮುಂಚೆ ಹೆಂಗಿತ್ತು ಅಂದ್ರೆ ನಮ್ಮ ಬೆಂಗಳೂರಿನ ರೇವಾ ನೆನಪಿರ್ಬೇಕಲ್ಲ, ಚೇತನ್ ಮೈನಿ ಅವ್ರದ್ದು, 2001ರಲ್ಲಿ ರೋಡಿಗೆ ಬಂದಿದ್ದು. ಅದಕ್ಕೆ ಎಲ್ಲರ ಥರ ಬಿಳಿ ಪ್ಲೇಟೇ. ಬಣ್ಣದ ಹಂಗೇ ಬೇಕಿರ್ಲಿಲ್ಲ ಅದಕ್ಕೆ, ಆ ಆಕಾರ ನೋಡಿದ್ರೆ ಸಾಕು, ಕಿಲೋಮೀಟರ್ ದೂರದಿಂದ್ಲೇ ಗೊತ್ತಾಗ್ತಿತ್ತು. ಈಗ ಟಿಯಾಗೊ, ಟಿಗೋರ್, ನೆಕ್ಸಾನ್ ಎಲ್ಲಾ ಪೆಟ್ರೋಲಲ್ಲೂ ಅದೇ ಹೆಸರು, ಎಲೆಕ್ಟ್ರಿಕ್ಕಲ್ಲೂ ಅದೇ ಹೆಸರು, ಹೆಚ್ಚು ಕಮ್ಮಿ ಅದೇ ಮುಖ. ಸೈಲೆನ್ಸರ್ ಇದ್ಯಾ ಅಂತ ಬಗ್ಗಿ ನೋಡೋಕಾಗತ್ತಾ. ಹಂಗಾಗಿ ಪ್ಲೇಟ್ ಬಣ್ಣ ಬೇಕೇ ಬೇಕು, ಅದರಲ್ಲಿ ನಂದೇನೂ ತಕರಾರಿಲ್ಲ.

ತಕರಾರು ಇರೋದು ಅಕ್ಷರದ ಬಣ್ಣದ ಮೇಲೆ. ಬಿಳಿ ಪ್ಲೇಟ್ ಹಳದಿ ಪ್ಲೇಟ್ ವ್ಯತ್ಯಾಸ ಸಣ್ಣ ಮಗೂಗೂ ಗೊತ್ತಾಗತ್ತೆ. ಹಸಿರು ಮೇಲಿನ ಬಿಳಿ, ಹಸಿರು ಮೇಲಿನ ಹಳದಿ? ಸಾಯಂಕಾಲ ಏಳು ಗಂಟೆ ಮೇಲೆ ಹಳದಿ ಬೀದಿ ದೀಪ ಇರೋ ರೋಡಲ್ಲಿ ನಿಂತ್ಕೊಂಡು ನೋಡಿ, ನಿಮ್ಮ ಬಿಳಿ ಅಕ್ಷರಾನೂ ಹಳದಿಯಾಗೇ ಕಾಣತ್ತೆ, ನಾನು ನನ್ನ ಗಾಡಿ ಮುಂದೇನೇ ನಿಂತು ನೋಡಿದೀನಿ. ಒಂದ್ಸಲ ಬೆಂಗಳೂರಲ್ಲಿ ಫ್ರೆಂಡ್ ಅಪಾರ್ಟ್ಮೆಂಟಿಗೆ ಹೋಗಿದ್ದೆ, ಗೇಟಲ್ಲಿ ವಾಚ್‌ಮನ್ "ಕ್ಯಾಬೆಲ್ಲಾ ಹೊರಗಡೆ ಸಾರ್, ಡ್ರಾಪ್ ಮಾಡಿ ತಿರುಗಿಸ್ಕೊಳಿ" ಅಂದ. ಅಯ್ಯಾ ನಂದು ಸ್ವಂತ ಗಾಡಿ ಕಣಪ್ಪ ಅಂದ್ರೆ "ಹಸಿರು ಬೋರ್ಡಲ್ವಾ ಸಾರ್" ಅಂತಾನೆ. ಅವಂದೂ ತಪ್ಪಿಲ್ಲ, ದಿನಾ ಅವನ ಗೇಟಿಗೆ ಬರೋ ಹಸಿರು ಪ್ಲೇಟಲ್ಲಿ ಮುಕ್ಕಾಲು ಪಾಲು ಕ್ಯಾಬೇ ಇರತ್ತೆ. ಇನ್ನೊಂದ್ಸಲ ಊಟಿಗೆ ಹೋಗೋ ದಾರೀಲಿ ಒಂದು ಚೆಕ್‌ಪೋಸ್ಟಲ್ಲಿ ಕೈ ಅಡ್ಡ ಹಾಕಿದ್ರು, ಬೇರೆ ರಾಜ್ಯದ ಟ್ಯಾಕ್ಸಿ ಆದ್ರೆ ಅಲ್ಲಿ ಟ್ಯಾಕ್ಸ್ ಕಟ್ಬೇಕಲ್ಲ, ಅದಕ್ಕೆ. ಅವ್ರು ಹತ್ರ ಬಂದು, ಬಗ್ಗಿ, ಅಕ್ಷರದ ಬಣ್ಣ ನೋಡಿ, "ಓಹ್ ಓನ್" ಅಂತ ಹೇಳಿ ಬಿಟ್ರು. ದೂರದಿಂದ ಗೊತ್ತಾಗ್ಬೇಕು ಅಂತ ಮಾಡಿದ ಬಣ್ಣ, ಬಗ್ಗಿ ನೋಡೋ ಹಂಗಾದ್ರೆ ಏನ್ ಬಂತು. ನನ್ನ ಕೇಳಿದ್ರೆ ಬಾಡಿಗೆ ಇವಿಗೆ ಹಳದಿ ಪ್ಲೇಟೇ ಇಟ್ಟು ಒಂದು ಪಕ್ಕ ದಪ್ಪ ಹಸಿರು ಪಟ್ಟಿ, ಸ್ವಂತ ಇವಿಗೆ ಬಿಳಿ ಪ್ಲೇಟಿಗೆ ಅದೇ ಹಸಿರು ಪಟ್ಟಿ ಕೊಟ್ಟಿದ್ರೆ ಎರಡೂ ಪ್ರಶ್ನೆಗೆ ಒಂದೇ ನೋಟಕ್ಕೆ ಉತ್ತರ ಸಿಕ್ತಿತ್ತು. ಇಂಗ್ಲೆಂಡಲ್ಲಿ 2020ರ ಡಿಸೆಂಬರಿಂದ ಹೆಚ್ಚು ಕಮ್ಮಿ ಹಿಂಗೇ ಮಾಡಿದಾರೆ, ಮಾಮೂಲಿ ಪ್ಲೇಟಿನ ಎಡಗಡೆ ಒಂದು ಹಸಿರು ಪಟ್ಟಿ, ಅದೂ ಬೇಕಾದವ್ರು ಹಾಕ್ಕೊಬಹುದು ಅಷ್ಟೇ.

ಎದುರುಮನೆ ಡಾಕ್ಟ್ರದ್ದು ಇನ್ನೊಂದು ರಗಳೆ. ಅವ್ರದ್ದು ಇನ್ನೋವಾ ಹೈಕ್ರಾಸ್ ಹೈಬ್ರಿಡ್. ಸಿಟೀಲಿ ಅರ್ಧಕ್ಕರ್ಧ ಬ್ಯಾಟರೀಲೇ ಓಡತ್ತೆ ಕಣ್ರೀ, ನಂಗ್ಯಾಕೆ ಬಿಳಿ ಪ್ಲೇಟ್ ಅಂತ ಅವ್ರ ಗೋಳು. ಏನ್ ಮಾಡೋದು ಡಾಕ್ಟ್ರೇ, ಆ ಬ್ಯಾಟರಿಗೆ ಕರೆಂಟ್ ಬರೋದೂ ಕೊನೆಗೆ ಪೆಟ್ರೋಲಿಂದ್ಲೇ ತಾನೆ ಅಂದೆ, ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಹೈಬ್ರಿಡ್, ಸಿಎನ್‌ಜಿ ಎಲ್ಲಾ ಬಿಳೀನೇ, ಪೂರ್ತಿ ಬ್ಯಾಟರೀಲೇ ಓಡೋದಿಕ್ಕೆ ಮಾತ್ರ ಹಸಿರು, ಆರ್‌ಸೀಲಿ ಇಂಧನ ಅಂತ ಇರೋ ಕಡೆ ಎಲೆಕ್ಟ್ರಿಕ್ ಬಿಒವಿ (ಬ್ಯಾಟರೀಲಿ ಓಡೋ ಗಾಡಿ) ಅಂತ ಬಂದಿರತ್ತೆ. ಪೆಟ್ರೋಲಾ ಡೀಸೆಲ್ಲಾ ಅಂತ ಹೇಳೋಕೂ ಒಂದು ಗುರುತಿದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಎರಡು ಪ್ಲೇಟ್ ಬಿಟ್ರೆ ಮೂರನೇ ಗುರುತು ಅಂತ ಮುಂದಿನ ಗ್ಲಾಸಿನ ಒಳಗಡೆ ಅಂಟಿಸೋ ಸ್ಟಿಕ್ಕರು. ಡೀಸೆಲ್‌ಗೆ ಕಿತ್ತಳೆ, ಪೆಟ್ರೋಲ್ ಸಿಎನ್‌ಜಿಗೆ ತಿಳಿನೀಲಿ. ದೆಹಲಿ ಹೊಗೆ ಕೇಸಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದು ಅದು. ನಮ್ಮ ಕಡೆ ಅದನ್ನ ಯಾರಾದ್ರೂ ತಿರುಗಿ ನೋಡಿದ್ದು ನಾನಂತೂ ಕಂಡಿಲ್ಲ, ಎಷ್ಟೋ ಗಾಡೀಲಿ ಅದರ ಮೇಲೇ ಫಾಸ್ಟ್ಯಾಗೋ ಗಣಪತಿ ಸ್ಟಿಕ್ಕರೋ ಕೂತಿರತ್ತೆ.

ಮತ್ತೆ ಎಲ್ಲಾ ಎಲೆಕ್ಟ್ರಿಕ್ ಗಾಡೀಗೂ ಹಸಿರು ಅಂತಾನೂ ಇಲ್ಲ. ನಮ್ಮ ಬೀದೀಲಿ ಪಿಯುಸಿ ಹುಡ್ಗೀರು ಓಡಿಸ್ತಾರಲ್ಲ ಆ ಸಣ್ಣ ಸ್ಕೂಟರ್ರು, ಮೋಟರ್ 250 ವ್ಯಾಟ್ ಒಳಗೆ, ಸ್ಪೀಡ್ 25 ಒಳಗೆ ಇದ್ರೆ ರಿಜಿಸ್ಟ್ರೇಶನ್ನೇ ಬೇಡ, ಪ್ಲೇಟೇ ಇಲ್ಲ, ಲೈಸೆನ್ಸೂ ಬೇಡ. ಕೆಲವ್ರದ್ದು 25ಕ್ಕಿಂತ ಚೆನ್ನಾಗೇ ಜೋರಾಗಿ ಹೋಗತ್ತೆ, ಅದು ಹೆಂಗೆ ಅಂತ ಕೇಳ್ಬೇಡಿ.

ಸರಿ, ಈ ಹಸಿರು ಪ್ಲೇಟಿಂದ ಸಿಗೋದೇನು? 2018ರಲ್ಲಿ ಹೇಳಿದ್ದು ಪಾರ್ಕಿಂಗಲ್ಲಿ ಮೊದಲ ಅವಕಾಶ, ಟ್ರಾಫಿಕ್ ಜಾಸ್ತಿ ಇರೋ ಏರಿಯಾಗೆ ಆರಾಮಾಗಿ ಎಂಟ್ರಿ, ಟೋಲಲ್ಲಿ ರಿಯಾಯ್ತಿ, ಇದಕ್ಕೆಲ್ಲಾ ಅನುಕೂಲ ಆಗ್ಲಿ ಅಂತ ಬಣ್ಣ. ನಾನು ಮೈಸೂರಿಂದ ಬೆಂಗಳೂರಿಗೆ ಹೋಗೋವಾಗ ಗಣಂಗೂರಲ್ಲಿ ಒಂದು ಟೋಲು, ಬಿಡದಿ ದಾಟಿದ್ಮೇಲೆ ಇನ್ನೊಂದು, ಎರಡ್ರಲ್ಲೂ ಪಕ್ಕದ ಲೇನಿನ ಡೀಸೆಲ್ ಕಾರಿಗೆ ಕಟ್ಟಾಗೋವಷ್ಟೇ ನಂಗೂ ಕಟ್ಟಾಗತ್ತೆ. ಮಹಾರಾಷ್ಟ್ರದಲ್ಲಿ 2025ರ ಆಗಸ್ಟಿಂದ ಮುಂಬೈನ ಅಟಲ್ ಸೇತು ಥರದ ಕಡೆ ಇವಿಗೆ ಟೋಲ್ ಬಿಟ್ಟಿದಾರೆ, ದೆಹಲೀಲಿ ಹೊಗೆ ಕಾಲದಲ್ಲಿ ಹಳೇ ಪೆಟ್ರೋಲ್ ಡೀಸೆಲ್ ಗಾಡಿ ನಿಲ್ಸಿದಾಗ ಹಸಿರು ಪ್ಲೇಟ್ ಸಲೀಸಾಗಿ ಓಡಾಡ್ಬಹುದು, ಅಲ್ಲಿ ಅದಕ್ಕೊಂದು ಬೆಲೆ ಇದೆ. ನಮ್ಮ ರಾಜ್ಯ 2017ರಲ್ಲೇ, ದೇಶದಲ್ಲೇ ಮೊದಲು ಇವಿ ಪಾಲಿಸಿ ತಂದಿದ್ದು, ರೋಡ್ ಟ್ಯಾಕ್ಸ್ ಮನ್ನಾ ಮಾಡಿ ನಂಗೆ ದೊಡ್ಡ ದುಡ್ಡೇ ಉಳಿಸಿದೆ (2024ರಲ್ಲಿ 25 ಲಕ್ಷಕ್ಕಿಂತ ಮೇಲಿನ ಗಾಡಿಗೆ 10 ಪರ್ಸೆಂಟ್ ಹಾಕಿದ್ರು, ನಮ್ಮಂಥೋರಿಗೆ ಆ ಚಿಂತೆ ಇರ್ಲಿಲ್ಲ). ಥರ್ಡ್ ಪಾರ್ಟಿ ಇನ್ಶೂರೆನ್ಸಲ್ಲೂ 15 ಪರ್ಸೆಂಟ್ ಕಮ್ಮಿ. ಆದ್ರೆ ಗಮನಿಸಿ, ಇದು ಯಾವ್ದೂ ಪ್ಲೇಟ್ ನೋಡಿ ಕೊಟ್ಟಿದ್ದಲ್ಲ. ಎಲ್ಲಾ ಆರ್‌ಸಿ ನೋಡಿ, ಕಂಪ್ಯೂಟರಲ್ಲಿ ಬಟನ್ ಒತ್ತಿದಾಗ್ಲೇ ಕೊಟ್ಟಿದ್ದು, ನನ್ನ ಪ್ಲೇಟ್ ಇನ್ನೂ ಫ್ಯಾಕ್ಟರೀಲಿತ್ತು ಆಗ. ಬಾಡಿಗೆ ಓಡಿಸೋರಿಗೆ ಒಂದು ಒಳ್ಳೇದಾಗಿದೆ, ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡ ಅಂತ ಕೇಂದ್ರ 2018ರ ಅಕ್ಟೋಬರಲ್ಲೇ ಮಾಡಿದ್ದು, ಅಲ್ಲಿ ಹಸಿರು ನೋಡಿದ ತಕ್ಷಣ ಪರ್ಮಿಟ್ ಪ್ರಶ್ನೆ ಏಳಲ್ಲ.

ಪ್ಲೇಟೇ ಬಂಗಾರ ಆಗಿರೋದು ಅಂದ್ರೆ ಚೀನಾದಲ್ಲಿ. ನಮ್ಮ ಆಫೀಸಿನವ್ರೊಬ್ರು ಶಾಂಘೈಗೆ ಹೋಗ್ಬಂದು ಹೇಳಿದ್ದು, ಆಮೇಲೆ ನಾನೂ ಓದಿದೆ. ಅಲ್ಲಿ ಮಾಮೂಲಿ ಕಾರಿಗೆ ನೀಲಿ ಪ್ಲೇಟ್, ಆ ನೀಲಿ ಪ್ಲೇಟನ್ನ ಹರಾಜಲ್ಲಿ ತಗೋಬೇಕು, ಸುಮಾರು 90 ಸಾವಿರ ಯುವಾನ್, ಅಂದ್ರೆ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷದ ಆಸುಪಾಸು, ಕಾರಿಗಲ್ಲ ಬರೀ ನಂಬರಿಗೆ! ಎಲೆಕ್ಟ್ರಿಕ್ಕಿಗೆ ಹಸಿರು ಪ್ಲೇಟು, ಅದಕ್ಕೆ ಹರಾಜಿಲ್ಲ. ಜನ ಮುಗಿಬಿದ್ದು ಇವಿ ತಗೊಳಲ್ವಾ ಮತ್ತೆ. 2016ರ ಕೊನೇಲಿ ಐದು ಊರಲ್ಲಿ ಶುರು ಮಾಡಿದ್ದಂತೆ, ಸಣ್ಣ ಗಾಡಿಗೆ ಬಿಳಿಯಿಂದ ನಿಧಾನಕ್ಕೆ ಹಸಿರಿಗೆ ತಿರುಗೋ ಬಣ್ಣ, ಬಸ್ಸಿಗೆ ಒಂದು ಕಡೆ ಹಳದಿ ಇನ್ನೊಂದು ಕಡೆ ಹಸಿರು. ಬಸ್ಸಾ ಕಾರಾ ಅಂತ ಬಗ್ಗಿ ನೋಡೋ ಕೆಲ್ಸ ಇಲ್ಲ ನೋಡಿ. ನಾರ್ವೇಲಿ ಬಣ್ಣಾನೇ ಬದಲಾಯಿಸಿಲ್ಲ, 1999ರಿಂದ ನಂಬರ್ ಮುಂದೆ ಇಎಲ್ ಅನ್ನೋ ಎರಡು ಅಕ್ಷರ ಕೊಟ್ರು, ಬಸ್ ಲೇನಲ್ಲಿ ಹೋಗೋಕೆ ಅದೇ ಗುರುತಾಯ್ತು.

ನಂಗೆ ಈ ಪ್ಲೇಟ್ ನಿಜವಾಗ್ಲೂ ಉಪಯೋಗಕ್ಕೆ ಬಂದಿರೋದು ಒಂದೇ ಒಂದು ಜಾಗದಲ್ಲಿ, ಚಾರ್ಜಿಂಗ್ ಪಾಯಿಂಟಲ್ಲಿ. ಮದ್ದೂರು ಹತ್ರ ಹೈವೇ ಪಕ್ಕ ನಾನು ಯಾವಾಗ್ಲೂ ನಿಲ್ಸೋ ಒಂದು ಹೋಟೆಲಿದೆ, ಎರಡು ಗನ್ (ಗಾಡಿಗೆ ಚುಚ್ಚೋ ವೈರ್) ಇರೋ ಚಾರ್ಜರ್ರು, ನೆಲಕ್ಕೆ ಹಸಿರು ಬಣ್ಣ ಬಳಿದಿದಾರೆ. ಭಾನುವಾರ ಬಂತು ಅಂದ್ರೆ ಅಲ್ಲಿ ನೆರಳಿದೆ ಅಂತ ಯಾರೋ ಒಬ್ರು ದೊಡ್ಡ ಡೀಸೆಲ್ ಗಾಡಿ ತಂದು ನಿಲ್ಸಿ ಒಳಗೆ ವಡೆ ತಿಂತಾ ಕೂತಿರ್ತಾರೆ. ಮೊದ್ಲೆಲ್ಲಾ ನಾನೇ ಹೋಗಿ ಟೇಬಲ್ ಟೇಬಲ್ ಕೇಳ್ಬೇಕಿತ್ತು. ಈಗ ಅಲ್ಲೊಬ್ಬ ಅಜ್ಜ ಸೆಕ್ಯುರಿಟಿ ಇದಾನೆ. ಅವನಿಗೆ ಕಿಲೋವ್ಯಾಟು ಗೊತ್ತಿಲ್ಲ, ಹೈಬ್ರಿಡ್ ಗೊತ್ತಿಲ್ಲ, ಯಾವ ಕಂಪನಿ ಕಾರು ಅಂತಾನೂ ಗೊತ್ತಿಲ್ಲ. ಅವನ ಹತ್ರ ಇರೋದು ಒಂದೇ ರೂಲು, ಹಸಿರು ನೆಲಕ್ಕೆ ಹಸಿರು ಬೋರ್ಡು. ಬಿಳಿ ಬೋರ್ಡ್ ಗಾಡಿ ಆ ಕಡೆ ತಿರುಗ್ತಿದ್ದಂಗೆ ವಿಷಲ್ ಹೊಡ್ಕೊಂಡು ಓಡ್ತಾನೆ. ಒಬ್ರು "ಏ ಅರ್ಜೆಂಟಿದೆ, ಐದು ನಿಮಿಷ" ಅಂದಿದ್ದಕ್ಕೆ "ನಿಮ್ಮದಕ್ಕೆ ವೈರ್ ಹಾಕಿದ್ರೆ ಹತ್ತತ್ತಾ ಸ್ವಾಮಿ, ಹತ್ತೋ ಹಂಗಿದ್ರೆ ನಿಲ್ಸಿ" ಅಂದ, ಅಲ್ಲಿದ್ದವ್ರೆಲ್ಲಾ ನಕ್ಕುಬಿಟ್ರು. ಈ ಪ್ಲೇಟ್ ಡಿಸೈನ್ ಮಾಡ್ದೋರು ಯಾರೇ ಇರ್ಲಿ ಆ ಅಜ್ಜನ್ನ ಮನಸ್ಸಲ್ಲಿ ಇಟ್ಕೊಂಡೇ ಮಾಡಿರ್ಬೇಕು ಅನ್ಸತ್ತೆ. ಆಕ್ಸಿಡೆಂಟ್ ಆದಾಗ್ಲೂ ಹಂಗೇ, ಕಟರ್ ಹಿಡ್ಕೊಂಡು ಬರೋ ಫೈರ್ ಇಂಜಿನ್‌ನವ್ರಿಗೆ ಒಳಗೆ ದೊಡ್ಡ ವೋಲ್ಟೇಜ್ ವೈರಿದೆ ಅಂತ ದೂರದಿಂದ್ಲೇ ತಿಳಿಯೋಕೆ ಆರ್‌ಸಿ ತೆಗೆದು ನೋಡೋಕಾಗಲ್ವಲ್ಲ.

ಇನ್ನೊಂದು ಉಪಯೋಗಾನೋ ಉಪದ್ರಾನೋ ಗೊತ್ತಿಲ್ಲ, ಹಸಿರು ಪ್ಲೇಟ್ ಅಂದ್ರೆ ಗೊತ್ತಿಲ್ದೋರ ಜೊತೆ ಮಾತು ಗ್ಯಾರಂಟಿ. ಸಿಗ್ನಲಲ್ಲಿ ನಿಂತ್ರೆ ಪಕ್ಕದ ಬೈಕ್ನವ್ನು ಗ್ಲಾಸ್ ತಟ್ಟಿ "ಸಾರ್ ಒಂದು ಚಾರ್ಜಿಗೆ ಎಷ್ಟು ಓಡತ್ತೆ", ಇನ್ನೂ ಹಸಿರು ಬಿದ್ದಿರಲ್ಲ, "ಬ್ಯಾಟರಿ ಹೋದ್ರೆ ಎಷ್ಟಾಗತ್ತೆ". ಮೊನ್ನೆ ದೇವರಾಜ ಮಾರ್ಕೆಟ್ ಹತ್ರ ಹೂವಿನವ್ರು ಮಲ್ಲಿಗೆ ಮೊಳ ಹಾಕ್ತಾ ಇದೇ ಪ್ರಶ್ನೆ ಕೇಳಿದ್ರು, ಹೇಳ್ತಾ ಹೇಳ್ತಾ ಅವ್ರು ಎಷ್ಟು ಮೊಳ ಅಳೆದ್ರು ಅಂತ ನಾನೇ ನೋಡ್ಲಿಲ್ಲ.

ಕೊನೇದು ಕ್ವಾಲಿಟಿ. ಇಲ್ಲಿ ಮಾರ್ಕ್ಸ್ ಕಟ್. ಸ್ಕೂಟರ್ ಪ್ಲೇಟ್ ಚೆನ್ನಾಗೇ ಇದೆ, ಕಾರಿನ ಮುಂದಿನ ಪ್ಲೇಟಲ್ಲಿ ಒಂದೂವರೆ ವರ್ಷಕ್ಕೇ ಅಕ್ಷರದ ಮೇಲಿನ ಬಿಳಿ ಫಿಲ್ಮ್ ಏಳೋಕೆ ಶುರುವಾಯ್ತು, ವಾಟರ್ ಸರ್ವೀಸಲ್ಲಿ ಜೋರಾಗಿ ನೀರು ಬಿಟ್ಟಿದ್ದಕ್ಕೋ ಬಿಸಿಲಿಗೋ. ಬಿಳಿ ಪ್ಲೇಟಲ್ಲಿ ಕಪ್ಪು ಕಿತ್ತೋದ್ರೆ ಉಬ್ಬಿನ ನೆರಳಲ್ಲಾದ್ರೂ ಓದ್ಬಹುದು, ಹಸಿರಲ್ಲಿ ಬಿಳಿ ಹೋದ್ರೆ ಉಳಿಯೋದು ಹಸಿರು ಮೇಲೆ ಹಸಿರು, ಈಗ ನನ್ನ 8 ದೂರದಿಂದ 3 ಥರ ಕಾಣತ್ತೆ. ಯಾರೋ ಪುಣ್ಯಾತ್ಮ 3 ನಂಬರ್ ಇರೋನಿಗೆ ನನ್ನ ಕ್ಯಾಮೆರಾ ಫೈನ್ ಹೋದ್ರೆ ಅಂತ ಒಂದು ಭಯ, ಅವಂದು ನಂಗೆ ಬಂದ್ರೆ ಅಂತ ಇನ್ನೊಂದು. ರೂಲಲ್ಲಿ ಐದು ವರ್ಷ ಪ್ಲೇಟ್ ಹಾಳಾಗ್ಬಾರ್ದು ಅಂತ ಗ್ಯಾರಂಟಿ ಇದೆ, ಅದನ್ನ ಶೋರೂಮಲ್ಲಿ ಹೇಳಿದ್ರೆ "ಅದು ನಮ್ದಲ್ಲ ಸಾರ್, ಪ್ಲೇಟ್ ಮಾಡೋರ್ದು", ಅವ್ರಿಗೆ ಫೋನ್ ಮಾಡಿದ್ರೆ "ಆನ್‌ಲೈನಲ್ಲಿ ರಿಪ್ಲೇಸ್ಮೆಂಟ್ ಹಾಕಿ, ದುಡ್ಡು ಕಟ್ಟಿ, ಹಳೇದು ವಾಪಸ್ ಕೊಡಿ". ಗ್ಯಾರಂಟಿ ಅಂದ್ಮೇಲೆ ದುಡ್ಡ್ಯಾಕೆ ಅಂತ ಕೇಳಿದ್ದಕ್ಕೆ ಮೇಡಂ ಲೈನಲ್ಲೇ ಇರಿ ಅಂದ್ರು, ಹಾಡು ಹಾಕಿದ್ರು, ಹಾಡು ಮುಗೀತು, ಲೈನೂ ಕಟ್ಟಾಯ್ತು. ಕೊನೆಗೆ ದುಡ್ಡು ಕಟ್ಟಿ ಅಪ್ಲೈ ಮಾಡಿದೀನಿ, ಬರೋ ಗುರುವಾರ ಹತ್ತೂವರೆಗೆ ಸ್ಲಾಟ್ ಸಿಕ್ಕಿದೆ. ಅಪ್ಲಿಕೇಶನಲ್ಲಿ ಎರಡು ಸಲ ಚೆಕ್ ಮಾಡ್ದೆ, ಹಸಿರು ಮೇಲೆ ಬಿಳಿ ಅಂತಾನೇ ಇದೆ. ಹಳದಿ ಅಕ್ಷರ ಹಾಕಿ ಕಳಿಸಿದ್ರೆ ನಮ್ಮಮ್ಮಂಗೆ ಉತ್ತರ ಕೊಡೋಕೆ ನಂಗೆ ಶಕ್ತಿ ಇಲ್ಲ.